ಮಗುವಿನ ತೋಳಿನ ಲಸಿಕೆಯೂ ಮನೆಯ ಕುಷ್ಠರೋಗವೂ
(ತಾಯಂದಿರ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಾಠ)



ನಿಮ್ಮ ಮಡಿಲಿನಲ್ಲಿರುವ ಮಗುವಿನ ಎಡತೋಳಿನ ಮೇಲ್ಭಾಗವನ್ನು ಒಮ್ಮೆ ನೋಡಿರಿ. ಅಲ್ಲಿ ಹೆಸರುಕಾಳಿನಷ್ಟು ಗಾತ್ರದ ಒಂದು ಕಲೆ ಕಾಣಿಸುತ್ತದೆ. ಇದೇ ಸಭೆಯಲ್ಲಿ ಕುಳಿತಿರುವ ಅಜ್ಜಿಯಂದಿರ ತೋಳಿನ ಮೇಲೂ ಕಲೆಗಳಿವೆ. ಆದರೆ ಅವು ಇನ್ನೂ ದೊಡ್ಡವು. ಅವರು ಬಾಲ್ಯದಲ್ಲಿ ಸಿಡುಬಿನ ವಿರುದ್ಧ ದಾಕು ಹಾಕಿಸಿಕೊಂಡವರು. ಸಿಡುಬು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಲಾಯಿತು. ಆ ದಾಕು ಇಂದು ಸಾಮಾನ್ಯ ಜನರಿಗೆ ಬೇಕಾಗಿಲ್ಲ. ಮಕ್ಕಳ ತೋಳಿನ ಮೇಲಿರುವ ಸಣ್ಣ ಕಲೆ ಬಿ.ಸಿ.ಜಿ. ಲಸಿಕೆಯದು. ಇದನ್ನು ಕ್ಷಯರೋಗದ ವಿರುದ್ಧ, ಅದರಲ್ಲಿಯೂ ಶಿಶುಗಳ ಮೆದುಳಿನ ಪೊರೆಗೆ ತಗಲುವ ಭೀಕರ ಕ್ಷಯದ ವಿರುದ್ಧ ಹಾಕುತ್ತಾರೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಇದೇ ಲಸಿಕೆ ಕುಷ್ಠರೋಗದಿಂದಲೂ ಮಗುವಿಗೆ ಸ್ವಲ್ಪಮಟ್ಟಿನ ರಕ್ಷಣೆಯನ್ನು ನೀಡುತ್ತದೆಂಬುದು ಬಹುಮಂದಿಗೆ ತಿಳಿಯದು. ಆ "ಸ್ವಲ್ಪಮಟ್ಟಿನ" ಎಂಬ ಮಾತಿನ ಅರ್ಥವೇನು, ಉಳಿದ ರಕ್ಷಣೆಯನ್ನು ಯಾರು ಒದಗಿಸಬೇಕು ಎಂಬುದೇ ನಾನು ಇಂದು ನಿಮ್ಮೊಡನೆ ಪ್ರಸ್ತಾಪಿಸಬಯಸುವ ವಿಷಯ.

ಕುಷ್ಠರೋಗವೆಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವುದು ಶಾಪ, ಪೂರ್ವಜನ್ಮದ ಪಾಪ, ಸರ್ಪದೋಷ ಎಂಬ ಕಲ್ಪನೆಗಳೇ. 1873ರಲ್ಲಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಹ್ಯಾನ್ಸನ್ ಎಂಬ ವೈದ್ಯರು ಈ ರೋಗದ ಅಣುಜೀವಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡರು. ಅದು ಕ್ಷಯರೋಗಾಣುವಿನ ಹತ್ತಿರದ ಬಂಧು. ಚಿಕಿತ್ಸೆ ಪಡೆಯದೆ ಇರುವ ರೋಗಿಯ ಮೂಗಿನ ಮತ್ತು ಬಾಯಿಯ ತುಂತುರುಗಳ ಮೂಲಕ, ಬಹುಕಾಲ ನಿಕಟವಾಗಿ ಒಡನಾಡುವವರಿಗೆ ಅದು ಹರಡುತ್ತದೆ. ವಂಶದ ರಕ್ತದಲ್ಲಿ ಹರಿದುಬರುವುದಿಲ್ಲ. ಕೈ ಮುಟ್ಟಿದ ಮಾತ್ರಕ್ಕೆ, ಒಂದೇ ಬಸ್ಸಿನಲ್ಲಿ ಕುಳಿತ ಮಾತ್ರಕ್ಕೆ ತಗಲುವುದೂ ಇಲ್ಲ. ನೂರು ಜನರಲ್ಲಿ ಸುಮಾರು ತೊಂಬತ್ತೈದು ಮಂದಿಗೆ ಇದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ಉಳಿದ ಕೆಲವರಿಗಾಗಿಯೇ ನಾವು ಚಿಂತಿಸಬೇಕಾದುದು.

ಇಲ್ಲಿ ಇನ್ನೊಂದು ಮಾತು. ತೊನ್ನು ಬೇರೆ, ಕುಷ್ಠ ಬೇರೆ. ತೊನ್ನಿನ ಮಚ್ಚೆ ಹಾಲಿನಂತೆ ಬೆಳ್ಳಗಿದ್ದು ಅಲ್ಲಿ ಸ್ಪರ್ಶಜ್ಞಾನ ಸರಿಯಾಗಿಯೇ ಇರುತ್ತದೆ. ಅದು ಯಾರಿಗೂ ಅಂಟುವ ರೋಗವಲ್ಲ. ಇವೆರಡನ್ನೂ ಬೆರೆಸಿ ಎಷ್ಟೋ ಹೆಣ್ಣುಮಕ್ಕಳ ಬಾಳು ಹಾಳಾಗಿದೆ.

ಪೋಲಿಯೊ, ದಡಾರ, ನಾಯಿಕೆಮ್ಮು, ಧನುರ್ವಾಯು ಇವುಗಳಿಗೆಲ್ಲ ಒಂದೊಂದು ಲಸಿಕೆಯಿರುವಾಗ ಇಷ್ಟು ಪುರಾತನವಾದ ರೋಗಕ್ಕೆ ಅದರದೇ ಆದ ಲಸಿಕೆ ಏಕಿಲ್ಲವೆಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲಸಿಕೆಯನ್ನು ತಯಾರಿಸಬೇಕಾದರೆ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಯಥೇಚ್ಛವಾಗಿ ಬೆಳೆಸಬೇಕು. ಕುಷ್ಠರೋಗಾಣುವಾದರೋ ಇಂದಿಗೂ ಗಾಜಿನ ಪಾತ್ರೆಯ ಯಾವ ಆಹಾರದಲ್ಲಿಯೂ ಬೆಳೆಯಲು ಒಪ್ಪಿಲ್ಲ. ಸಾಧಾರಣ ಬ್ಯಾಕ್ಟೀರಿಯಗಳಲ್ಲಿ ಕೆಲವು ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಇದು ಇಮ್ಮಡಿಯಾಗಲು ಸುಮಾರು ಎರಡು ವಾರ ಬೇಕು. 1960ರಲ್ಲಿ ಇಲಿಯ ಅಂಗಾಲಿನಲ್ಲಿ ಅಲ್ಪಸ್ವಲ್ಪ ಬೆಳೆಸಲು ಸಾಧ್ಯವಾಯಿತು. 1971ರಲ್ಲಿ ಅಮೆರಿಕದ ವಿಜ್ಞಾನಿಗಳು ಆರ್ಮಡಿಲ್ಲೊ ಎಂಬ, ಮೈಮೇಲೆ ಚಿಪ್ಪಿನ ಕವಚವುಳ್ಳ ಪ್ರಾಣಿಯಲ್ಲಿ ಹೇರಳವಾಗಿ ಬೆಳೆಯುವುದನ್ನು ತೋರಿಸಿಕೊಟ್ಟರು. ಅಷ್ಟು ನಿಧಾನವಾದ ಶತ್ರು ಇದು. ದೇಹದೊಳಗೆ ಹೊಕ್ಕ ಮೇಲೂ ಹಾಗೆಯೇ. ಚಿಹ್ನೆ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷಗಳೇ ಹಿಡಿಯಬಹುದು. ಇಂದು ಅಜ್ಜನ ಕಂಬಳಿಯೊಳಗೆ ಮಲಗಿದ ಮಗುವಿನಲ್ಲಿ ಮಚ್ಚೆ ಮೂಡುವ ಹೊತ್ತಿಗೆ ಆ ಮಗು ಶಾಲೆಯ ಮೆಟ್ಟಿಲು ಹತ್ತಿರುತ್ತದೆ. ಕಾರಣವನ್ನು ಯಾರೂ ನೆನೆಯುವುದಿಲ್ಲ.

ಹೀಗಿರಲು, ಬಂಧುವಿನ ಮೂಲಕ ಶತ್ರುವನ್ನು ತಡೆಯುವ ಉಪಾಯ ವಿಜ್ಞಾನಿಗಳಿಗೆ ಹೊಳೆಯಿತು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಿನ್ ಎಂಬಿಬ್ಬರು 1908ರಿಂದ 1921ರವರೆಗೆ, ದನಗಳಲ್ಲಿ ಕ್ಷಯವನ್ನುಂಟುಮಾಡುವ ರೋಗಾಣುವನ್ನು ಎತ್ತಿನ ಪಿತ್ತರಸದಲ್ಲಿ ಬೇಯಿಸಿದ ಆಲೂಗೆಡ್ಡೆಯ ಹೋಳುಗಳ ಮೇಲೆ 230 ಬಾರಿ ಮರಳಿ ಮರಳಿ ಬೆಳೆಸಿ, ಅದರ ವಿಷಶಕ್ತಿಯನ್ನು ಕುಂದಿಸಿದರು. ಹದಿಮೂರು ವರ್ಷಗಳ ತಾಳ್ಮೆಯ ಫಲವೇ ಬಿ.ಸಿ.ಜಿ. ನಮ್ಮ ದೇಶದಲ್ಲಿ 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಇದರ ಪ್ರಯೋಗಶಾಲೆ ಸ್ಥಾಪಿತವಾಯಿತು. ಅದಕ್ಕೂ ಮೊದಲೇ, 1939ರಲ್ಲಿ, ಅರ್ಜೆಂಟೀನದ ಫರ್ನಾಂಡೆಸ್ ಎಂಬ ವೈದ್ಯರು, ಈ ಲಸಿಕೆಯನ್ನು ಪಡೆದ ಮಕ್ಕಳ ಚರ್ಮವು ಕುಷ್ಠರೋಗಾಣುವಿನ ಸತ್ವಕ್ಕೂ ಪ್ರತಿಕ್ರಿಯೆ ತೋರುವುದನ್ನು ಗಮನಿಸಿದ್ದರು. ಅಂದರೆ ಒಂದು ರೋಗಾಣುವನ್ನು ಗುರುತುಹಿಡಿದ ದೇಹ ಅದರ ಬಂಧುವನ್ನೂ ತಕ್ಕಮಟ್ಟಿಗೆ ಗುರುತುಹಿಡಿಯುತ್ತದೆ.

ಈ ಗುರುತು ರೋಗವನ್ನು ತಡೆಯುವಷ್ಟು ಬಲವಾದುದೇ? ಇದನ್ನು ತಿಳಿಯಲು 1960ರ ದಶಕದಲ್ಲಿ ಮೂರು ದೇಶಗಳಲ್ಲಿ ದೊಡ್ಡ ಪ್ರಯೋಗಗಳು ಆರಂಭವಾದವು. ಉಗಾಂಡದ ಮಕ್ಕಳಲ್ಲಿ ನೂರಕ್ಕೆ ಸುಮಾರು 80ರಷ್ಟು ರಕ್ಷಣೆ ದೊರೆಯಿತು. ಬರ್ಮಾದ ಮಕ್ಕಳಲ್ಲಿ ದೊರೆತುದು ನೂರಕ್ಕೆ ಸುಮಾರು 20 ಮಾತ್ರ. ಪಾಪುವ ನ್ಯೂಗಿನಿಯ ಫಲಿತಾಂಶ ಇವೆರಡರ ನಡುವೆ ನಿಂತಿತು. ಒಂದೇ ಲಸಿಕೆ ಒಂದೆಡೆ ಕೋಟೆಯಂತೆ, ಮತ್ತೊಂದೆಡೆ ಬರಿಯ ಬೇಲಿಯಂತೆ ವರ್ತಿಸಿದ್ದೇಕೆಂಬುದಕ್ಕೆ ವಿದ್ವಾಂಸರು ಹಲವು ಕಾರಣಗಳನ್ನು ಮುಂದಿಡುತ್ತಾರೆ. ಮಣ್ಣಿನಲ್ಲಿ ಮತ್ತು ನೀರಿನಲ್ಲಿರುವ ಇಂತಹವೇ ನಿರುಪದ್ರವಿ ಅಣುಜೀವಿಗಳ ಸಂಪರ್ಕ ಒಂದೊಂದು ನಾಡಿನಲ್ಲಿ ಒಂದೊಂದು ಬಗೆಯಾಗಿರುವುದು ಅವುಗಳಲ್ಲಿ ಮುಖ್ಯವಾದುದು. 2006ರಲ್ಲಿ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಕಟ್ಟುನಿಟ್ಟಿನ ಪ್ರಯೋಗಗಳಲ್ಲಿ ನೂರಕ್ಕೆ 26ರಷ್ಟು, ಕೇವಲ ವೀಕ್ಷಣೆಯಿಂದ ನಡೆದ ಅಧ್ಯಯನಗಳಲ್ಲಿ 61ರಷ್ಟು ರಕ್ಷಣೆ ಕಂಡುಬಂದಿತು. ನಾನಾದರೋ ತಾಯಂದಿರಿಗೆ ಚಿಕ್ಕ ಅಂಕಿಯನ್ನೇ ಹೇಳಬಯಸುತ್ತೇನೆ. ಹೆಚ್ಚಿನ ಭರವಸೆ ಕೊಟ್ಟು ಮೈಮರೆಸುವುದಕ್ಕಿಂತ ಇರುವುದನ್ನು ಇದ್ದಂತೆ ತಿಳಿಸುವುದು ಲೇಸು.

ನಮ್ಮ ದೇಶದ ವಿಜ್ಞಾನಿಗಳು ಕೈಕಟ್ಟಿ ಕುಳಿತಿರಲಿಲ್ಲ. ದೆಹಲಿಯಲ್ಲಿ ಪ್ರೊಫೆಸರ್ ತಲ್ವಾರ್ ಅವರೂ, ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ದೇವ್ ಅವರೂ, ಕುಷ್ಠರೋಗಾಣುವನ್ನು ಹೋಲುವ, ಆದರೆ ಪ್ರಯೋಗಶಾಲೆಯಲ್ಲಿ ಬೆಳೆಯಬಲ್ಲ ಅಣುಜೀವಿಗಳಿಂದ ಲಸಿಕೆಗಳನ್ನು ಸಿದ್ಧಪಡಿಸಿದರು. 1991ರಿಂದ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಒಂದೂ ಮುಕ್ಕಾಲು ಲಕ್ಷಕ್ಕೆ ಸಮೀಪವಾದಷ್ಟು ಜನರ ಮೇಲೆ ಇವುಗಳನ್ನು ಪರೀಕ್ಷಿಸಲಾಯಿತು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮುಂಬಯಿಯ ಲಸಿಕೆ ನೂರಕ್ಕೆ 65ರಷ್ಟು, ಬಿ.ಸಿ.ಜಿ.ಯೊಡನೆ ಮೃತ ಕುಷ್ಠರೋಗಾಣುವನ್ನು ಬೆರೆಸಿದ ಲಸಿಕೆ 64ರಷ್ಟು, ಬಿ.ಸಿ.ಜಿ. ಒಂದೇ 34ರಷ್ಟು, ದೆಹಲಿಯ ಲಸಿಕೆ ಸುಮಾರು 26ರಷ್ಟು ರಕ್ಷಣೆ ನೀಡಿದವು. ದೆಹಲಿಯ ಲಸಿಕೆಯೇ ಕಾನ್ಪುರದ ಗ್ರಾಮಾಂತರ ಪ್ರದೇಶದಲ್ಲಿ, ರೋಗಿಗಳ ಮನೆಮಂದಿಗೆ ಹಾಕಿದಾಗ ಮೊದಲ ಮೂರು ವರ್ಷ ಇನ್ನೂ ಉತ್ತಮ ಫಲ ಕೊಟ್ಟಿತು. ಒಂಬತ್ತನೆಯ ವರ್ಷದ ಹೊತ್ತಿಗೆ ಆ ಫಲ ನೂರಕ್ಕೆ 39ಕ್ಕೆ ಇಳಿಯಿತು. ಇವೆಲ್ಲವೂ ಗೌರವಿಸತಕ್ಕ ಪ್ರಯತ್ನಗಳು. ಆದರೂ ರಾಷ್ಟ್ರದ ಮಕ್ಕಳ ಲಸಿಕಾ ವೇಳಾಪಟ್ಟಿಯಲ್ಲಿ ಕುಷ್ಠರೋಗಕ್ಕೆಂದೇ ಇರುವ ಲಸಿಕೆ ಸೇರಿಲ್ಲ. ಹುಟ್ಟಿದ ಮಗುವಿಗೆ ದೊರೆಯುವುದು ಬಿ.ಸಿ.ಜಿ. ಒಂದೇ.

ಆದುದರಿಂದ ಅದನ್ನು ತಪ್ಪದೆ ಹಾಕಿಸುವುದು ಮೊದಲ ಕರ್ತವ್ಯ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ, ಇಲ್ಲವಾದರೆ ಸಾಧ್ಯವಾದಷ್ಟು ಬೇಗ, ಒಂದು ವರ್ಷ ತುಂಬುವುದರೊಳಗೆ ಹಾಕಿಸಬೇಕು. ಚರ್ಮದ ಪದರದೊಳಗೆ ಹನಿಯಷ್ಟು ಮದ್ದನ್ನು ಸೇರಿಸಿದಾಗ ಒಂದು ಸಣ್ಣ ಬೊಕ್ಕೆ ಏಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಎರಡು ಮೂರು ವಾರಗಳ ಅನಂತರ ಅಲ್ಲಿ ಗಂಟೊಂದು ಕಾಣಿಸಿಕೊಂಡು, ಮೆಲ್ಲನೆ ದೊಡ್ಡದಾಗಿ, ಒಡೆದು, ಹುಣ್ಣಾಗಿ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಈ ಹುಣ್ಣನ್ನು ಕಂಡು ಅಂಜಿ ಅರಿಶಿನ, ಸುಣ್ಣ, ಮುಲಾಮು ಎಂದು ಮೆತ್ತುವ ಅಜ್ಜಿಯಂದಿರನ್ನು ನಾನು ಪ್ರತಿವಾರವೂ ಕಾಣುತ್ತೇನೆ. ಏನನ್ನೂ ಹಚ್ಚಬಾರದು, ಕಟ್ಟು ಕಟ್ಟಬಾರದು. ಸ್ನಾನ ಮಾಡಿಸಬಹುದು. ಕಂಕುಳಿನ ಗಂಟು ಬಹಳ ದೊಡ್ಡದಾಗಿ ಊದಿಕೊಂಡರೆ ಮಾತ್ರ ವೈದ್ಯರಿಗೆ ತೋರಿಸಿರಿ. ಮಗುವಿಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಕಾಯಿಲೆಯೇನಾದರೂ ಇದ್ದರೆ ಆ ವಿಷಯವನ್ನು ಲಸಿಕೆಗೆ ಮುನ್ನವೇ ಹೇಳಬೇಕು. ಇನ್ನೊಂದು ಸಂಗತಿ: ಒಮ್ಮೆ ಕಲಸಿದ ಈ ಲಸಿಕೆಯನ್ನು ನಾಲ್ಕು ಗಂಟೆಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಮ್ಮ ಆರೋಗ್ಯ ಸಹಾಯಕಿಯು "ಹೊತ್ತು ಮೀರಿತು, ಮುಂದಿನ ಸರದಿಗೆ ಬನ್ನಿ" ಎಂದರೆ ಆಕೆಯ ಮೇಲೆ ಕೋಪಿಸಿಕೊಳ್ಳಬೇಡಿ. ಆಕೆ ನಿಮ್ಮ ಮಗುವಿನ ಹಿತಕ್ಕಾಗಿಯೇ ಹಾಗೆನ್ನುತ್ತಾಳೆ.

ಇಷ್ಟಾದ ಮೇಲೆ ನಾನು ನಿಮಗೆ ಒಂದು ಮನೆಯ ಕಥೆಯನ್ನು ಹೇಳಲೇಬೇಕು. ಊರಿನ ಹೆಸರು ಬೇಡ.

ಕೆಲವು ವರ್ಷಗಳ ಹಿಂದೆ, ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಏಳು ವರ್ಷದ ಹುಡುಗನೊಬ್ಬನ ಮುಂಗೈ ಮೇಲೆ ನಸುಗೆಂಪಾದ ಮಚ್ಚೆಯೊಂದು ಕಂಡಿತು. ಕಣ್ಣು ಮುಚ್ಚಿಸಿ, ಆಟವಾಡುವಂತೆ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟುತ್ತ "ಎಲ್ಲಿ ಮುಟ್ಟಿದೆ, ತೋರಿಸು" ಎಂದಾಗ ಹುಡುಗ ನಗುನಗುತ್ತ ಎಲ್ಲ ಕಡೆಯೂ ಸರಿಯಾಗಿ ಬೆರಳಿಟ್ಟ. ಮಚ್ಚೆಯನ್ನು ಮುಟ್ಟಿದಾಗ ಮಾತ್ರ ಸುಮ್ಮನೆ ಕಾಯುತ್ತ ನಿಂತ. ತಾಯಿಯನ್ನು ಕರೆಸಿದೆವು. ಆಕೆ ಮಗನ ತೋಳನ್ನು ಮುಂದೆ ಚಾಚಿ, "ನೋಡಿ, ಸೂಜಿ ಹಾಕಿಸಿದ ಕಲೆ ಇಲ್ಲಿಯೇ ಇದೆ, ನಾವೇನೂ ತಪ್ಪಿಸಿಲ್ಲ" ಎಂದು ಅತ್ತಳು. ಆಕೆ ಹೇಳಿದ್ದು ನಿಜ. ಲಸಿಕೆಯ ಕಲೆ ಸ್ಪಷ್ಟವಾಗಿಯೇ ಇತ್ತು.

ಮನೆಗೆ ಹೋಗಿ ಎಲ್ಲರನ್ನೂ ಪರೀಕ್ಷಿಸಬೇಕೆಂದಾಗ ಮನೆಯವರು ಮೂರು ಬಾರಿ ಏನಾದರೊಂದು ನೆಪ ಹೇಳಿದರು. ನಾಲ್ಕನೆಯ ಬಾರಿ ನಮ್ಮ ಆಶಾ ಕಾರ್ಯಕರ್ತೆಯೇ ಮುಂದಾಗಿ ಒಳಕೋಣೆಯ ಬಾಗಿಲು ತೆಗೆಸಿದಳು. ಅಲ್ಲಿ ಹುಡುಗನ ಅಜ್ಜ ಕುಳಿತಿದ್ದರು. ಹುಬ್ಬಿನ ಕೂದಲು ಉದುರಿತ್ತು, ಕಿವಿಯ ಹಾಲೆಗಳು ದಪ್ಪವಾಗಿದ್ದುವು, ಎಡಗೈಯ ಎರಡು ಬೆರಳುಗಳು ಮಡಿಚಿಕೊಂಡಿದ್ದುವು. ಕೈಯ ವಿಷಯ ಮನೆಮಂದಿಗೆಲ್ಲ ನಾಲ್ಕೈದು ವರ್ಷಗಳಿಂದ ತಿಳಿದಿತ್ತು. ಕಿರಿಯ ಮಗಳ ಮದುವೆಯ ಮಾತು ನಡೆಯುತ್ತಿದ್ದುದರಿಂದ ಅದನ್ನು ವಾತವೆಂದು ಹೇಳಿ ಎಣ್ಣೆ ತಿಕ್ಕುತ್ತಿದ್ದರು. ಮೊಮ್ಮಗನೋ ಹುಟ್ಟಿದಂದಿನಿಂದ ಅಜ್ಜನ ಮಗ್ಗುಲು ಬಿಟ್ಟು ಮಲಗಿದವನಲ್ಲ.

ನಾನು ಆ ಮನೆಯವರನ್ನು ದೂಷಿಸಲಾರೆ. ಅವರ ಭಯ ಸುಳ್ಳು ಭಯವಾಗಿರಲಿಲ್ಲ. 1898ರಲ್ಲಿ ಬ್ರಿಟಿಷರು ಮಾಡಿದ ಕುಷ್ಠರೋಗಿಗಳ ಕಾಯಿದೆಯು ರದ್ದಾದದ್ದು 2016ರಲ್ಲಿ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಈ ರೋಗವಿದೆಯೆಂಬ ಕಾರಣಕ್ಕೆ ವಿಚ್ಛೇದನ ಕೇಳಬಹುದಾಗಿದ್ದ ಅವಕಾಶವನ್ನು ಕಾನೂನಿನಿಂದ ತೆಗೆದುಹಾಕಿದ್ದು 2019ರಲ್ಲಿ. ಶಾಸನವೇ ಇಷ್ಟು ತಡವಾಗಿ ಬದಲಾದಾಗ ನೆರೆಹೊರೆಯವರ ಮನಸ್ಸು ಒಂದು ದಿನದಲ್ಲಿ ಬದಲಾದೀತೇ? ಆದರೆ ಆ ಮುಚ್ಚಿಟ್ಟ ವರ್ಷಗಳ ಬೆಲೆಯನ್ನು ತೆತ್ತವರು ಇಬ್ಬರು. ಅಜ್ಜ ತೆತ್ತದ್ದು ತಮ್ಮ ಬೆರಳುಗಳನ್ನು. ಮೊಮ್ಮಗನ ಸರದಿ ಆಗತಾನೇ ಆರಂಭವಾಗಿತ್ತು. ಮಗುವಿನ ತೋಳಿನ ಲಸಿಕೆ ಅಷ್ಟು ದೀರ್ಘವಾದ ಸಂಪರ್ಕದ ಎದುರು ಒಬ್ಬಂಟಿಯಾಗಿ ನಿಂತು ಸೋತಿತ್ತು.

ಚಿಕಿತ್ಸೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ಈಗ ಸುಲಭವಾಗಿದೆ. 1980ರ ದಶಕದ ಆರಂಭದಿಂದ ಬಳಕೆಗೆ ಬಂದ ಬಹುವಿಧ ಔಷಧಿ ಚಿಕಿತ್ಸೆಯು ಎಲ್ಲ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಯನ್ನನುಸರಿಸಿ ಆರು ಅಥವಾ ಹನ್ನೆರಡು ತಿಂಗಳು ಮಾತ್ರೆಗಳನ್ನು ಸೇವಿಸಬೇಕು. ಮಾತ್ರೆ ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ರೋಗ ಹರಡುವುದು ನಿಲ್ಲುತ್ತದೆ. ಹುಡುಗನಿಗೆ ಆರು ತಿಂಗಳು, ಅಜ್ಜನಿಗೆ ಹನ್ನೆರಡು ತಿಂಗಳು ಔಷಧಿ ನಡೆಯಿತು. ಹುಡುಗನ ಮಚ್ಚೆ ಮಾಸಿತು. ಅಜ್ಜನ ಬೆರಳುಗಳು ನೇರವಾಗಲಿಲ್ಲ. ನರಗಳು ಒಮ್ಮೆ ಕೆಟ್ಟ ಮೇಲೆ ಮಾತ್ರೆ ಅವನ್ನು ಮರಳಿ ಕೊಡಲಾರದು. ಮದುವೆಯೂ ನಡೆಯಿತೆಂದು ಹೇಳಲು ಸಂತೋಷವಾಗುತ್ತದೆ. ಅಜ್ಜನೇ ಧಾರೆಯೆರೆದರು.

ಆ ಮನೆಯ ಉಳಿದವರಿಗೆ ನಾವು ಮಾಡಿದ್ದು ಬಿ.ಸಿ.ಜಿ.ಯ ಕೊರತೆಯನ್ನು ತುಂಬುವ ಎರಡನೆಯ ಉಪಾಯ. ಬಾಂಗ್ಲಾದೇಶದಲ್ಲಿ ರೋಗಿಗಳ ಸಂಪರ್ಕಕ್ಕೆ ಬಂದ ಸಾವಿರಾರು ಜನರಿಗೆ ರಿಫಾಂಪಿಸಿನ್ ಎಂಬ ಔಷಧಿಯನ್ನು ಒಂದೇ ಒಂದು ಬಾರಿ ನೀಡಿ ನೋಡಲಾಯಿತು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಮೊದಲ ಎರಡು ವರ್ಷಗಳಲ್ಲಿ ಹೊಸ ರೋಗಿಗಳ ಸಂಖ್ಯೆ ನೂರಕ್ಕೆ 57ರಷ್ಟು ಕಡಿಮೆಯಾಯಿತು. ಶೈಶವದಲ್ಲಿ ಬಿ.ಸಿ.ಜಿ. ಪಡೆದಿದ್ದವರು ಈ ಔಷಧಿಯನ್ನೂ ಸೇವಿಸಿದಾಗ ರಕ್ಷಣೆ ನೂರಕ್ಕೆ 80ರವರೆಗೆ ಏರಿತೆಂಬುದು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಅಂಕಿ. ತೋಳಿನ ಕಲೆ ಒಂದೇ ಇದ್ದಾಗ ಬೇಲಿ. ಅದರ ಜೊತೆಗೆ ಈ ಒಂದು ಬಾರಿಯ ಔಷಧಿ ಸೇರಿದರೆ ಬೇಲಿಯ ಹಿಂದೆ ಗೋಡೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎರಡು ವರ್ಷ ಮೇಲ್ಪಟ್ಟ ಸಂಪರ್ಕಿತರಿಗೆ ಶಿಫಾರಸು ಮಾಡಿತು, ನಮ್ಮ ರಾಷ್ಟ್ರೀಯ ಕಾರ್ಯಕ್ರಮವೂ ಇದನ್ನು ಅಳವಡಿಸಿಕೊಂಡಿದೆ. ಕೊಡುವ ಮುನ್ನ ಕುಷ್ಠ ಹಾಗೂ ಕ್ಷಯದ ಚಿಹ್ನೆಗಳು ಇಲ್ಲವೆಂದು ಪರೀಕ್ಷಿಸುತ್ತಾರೆ. ಗರ್ಭಿಣಿಯರಿಗೆ ಆಗ ಕೊಡುವುದಿಲ್ಲ. ಮಾತ್ರೆ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಹೆದರಬೇಕಾಗಿಲ್ಲ.

ಆದರೆ ರೋಗಿ ಯಾರೆಂದು ತಿಳಿಯದ ಮನೆಗೆ ಈ ಮಾತ್ರೆ ತಲುಪುವ ದಾರಿ ಯಾವುದು? ಒಳಕೋಣೆಯ ಬಾಗಿಲು ಮುಚ್ಚಿರುವವರೆಗೆ ಆ ಮನೆಯ ಮಕ್ಕಳಿಗೆ ಉಳಿಯುವುದು ಬರಿಯ ಬೇಲಿಯೊಂದೇ. 2023ರಲ್ಲಿ ಪ್ರಪಂಚದಲ್ಲಿ ಕಂಡುಬಂದ ಸುಮಾರು 1,82,800 ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಭಾರತದವರು. ಪ್ರಪಂಚದ ಆ ಒಟ್ಟು ಸಂಖ್ಯೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಮಕ್ಕಳು. 2005ರ ಕೊನೆಗೆ ನಮ್ಮ ದೇಶದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂಬ ಮಟ್ಟಕ್ಕೆ ರೋಗ ಇಳಿದಾಗ, ಇನ್ನು ಇದರ ಚಿಂತೆ ಇಲ್ಲವೆಂದು ಬಹಳ ಜನ ಭಾವಿಸಿದರು. ಒಬ್ಬ ಮಗುವಿನಲ್ಲಿ ರೋಗ ಕಂಡಿತೆಂದರೆ, ಚಿಕಿತ್ಸೆ ಪಡೆಯದ ಹಿರಿಯರೊಬ್ಬರು ಅಲ್ಲಿಯೇ ಸಮೀಪದಲ್ಲಿದ್ದಾರೆಂದು ಅರ್ಥ.

ನಿಮ್ಮ ಮನೆಯಲ್ಲಿ ಯಾರದೇ ಮೈಮೇಲಾಗಲಿ ನಸು ಬಿಳುಪಾದ ಅಥವಾ ಕೆಂಪಾದ, ತುರಿಕೆಯಿಲ್ಲದ, ಮುಟ್ಟಿದರೆ ಅರಿವಾಗದ ಮಚ್ಚೆ ಇದ್ದರೆ, ಅಡಿಗೆ ಮಾಡುವಾಗ ಕೈ ಸುಟ್ಟರೂ ತಿಳಿಯದಿದ್ದರೆ, ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ, ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಮಕ್ಕಳ ಕೆನ್ನೆಯ ಮೇಲೆ ಬೂದಿ ಬಣ್ಣದ ಚಕ್ಕೆ ಕಂಡೊಡನೆ ಗಾಬರಿಯಾಗಬೇಡಿ. ಅವುಗಳಲ್ಲಿ ಬಹುಪಾಲು ಕುಷ್ಠವಲ್ಲ. ಮುಖದ ಮೇಲೆ ಸ್ಪರ್ಶ ಪರೀಕ್ಷೆ ಕಠಿಣವಾದುದರಿಂದ ಅದನ್ನು ವೈದ್ಯರಿಗೇ ಬಿಡಿ.

ಕಡೆಯದಾಗಿ, ಇಂತಹ ಸಭೆಗಳಲ್ಲಿ ತಾಯಂದಿರು ಮೆಲ್ಲಗೆ ಬಳಿಬಂದು ಕೇಳುವ ಒಂದೆರಡು ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರಿಸಿಬಿಡುತ್ತೇನೆ.

ಲಸಿಕೆ ಹಾಕಿಸಿದರೂ ಕಲೆ ಬೀಳಲಿಲ್ಲ, ಇನ್ನೊಮ್ಮೆ ಹಾಕಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಎರಡನೆಯ ಬಾರಿ ಹಾಕುವುದರಿಂದ ಆಫ್ರಿಕದ ಮಲಾವಿಯಲ್ಲಿ ಕುಷ್ಠದ ವಿರುದ್ಧ ಹೆಚ್ಚಿನ ಪ್ರಯೋಜನ ಕಂಡಿತಾದರೂ, ಬ್ರೆಜಿಲ್‌ನ ಶಾಲಾ ಮಕ್ಕಳಲ್ಲಿ ಹೇಳಿಕೊಳ್ಳುವಂತಹ ಪ್ರಯೋಜನ ಕಾಣಲಿಲ್ಲ. ನಮ್ಮ ವೇಳಾಪಟ್ಟಿಯಲ್ಲಿ ಒಂದೇ ಬಾರಿ. ತಾಯಿ ಕಾರ್ಡನ್ನು ಜೋಪಾನವಾಗಿಟ್ಟುಕೊಂಡರೆ ಸಾಕು, ಅದೇ ಸಾಕ್ಷಿ.

ಇನ್ನು, ರೋಗವಿರುವ ತಾಯಿ ಮಗುವಿಗೆ ಹಾಲೂಡಿಸಬಹುದೇ? ಅಗತ್ಯವಾಗಿ ಊಡಿಸಬಹುದು. ಆಕೆ ಮಾತ್ರೆಗಳನ್ನು ಒಂದು ದಿನವೂ ಬಿಡದೆ ಸೇವಿಸಬೇಕು, ಮಗುವಿಗೆ ಬಿ.ಸಿ.ಜಿ. ಹಾಕಿಸಬೇಕು, ಮಗುವನ್ನು ಆಕೆಯಿಂದ ಬೇರ್ಪಡಿಸಲೇಬಾರದು. ಆ ಮಾತ್ರೆಗಳಲ್ಲೊಂದರ ಅಂಶ ಹಾಲಿನ ಮೂಲಕ ಸೇರಿ ಮಗುವಿನ ಮೈಬಣ್ಣ ಸ್ವಲ್ಪ ಕಂದಬಹುದು. ತಾಯಿಯ ಚಿಕಿತ್ಸೆ ಮುಗಿದ ಮೇಲೆ ಆ ಬಣ್ಣ ಕ್ರಮೇಣ ತಿಳಿಯಾಗುತ್ತದೆ.